ಆಮೆಗೆ ಪಾಠ ಹೇಳುವ ಮಕ್ಕಳು

ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್ಡು. ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದೊಂದು ಮಾನಿಟರ್ ಮುಂದೆ ನಾಲ್ಕೈದು ತಲೆ. ಕೀಲಿಮಣೆ ಒಬ್ಬರ ಕೈಯಲ್ಲಿ, ಬಾಯಿ ಮಾತ್ರ ಎಲ್ಲರದ್ದು. ಕಿಟಕಿಯ ಬಿಸಿಲು ಪರದೆಗೆ ಹೊಡೆಯದಂತೆ ಯಾರೋ ಅಟ್ಲಾಸ್ ಅಡ್ಡ ಹಿಡಿದಿದ್ದಾರೆ.

ಪರದೆಯ ನಡುವೆ ಲೋಗೋ ಭಾಷೆಯ ಪುಟ್ಟ ಆಮೆ. ‘ಎಫ್‌ಡಿ 100’ ಎಂದರೆ ನೂರು ಹೆಜ್ಜೆ ಮುಂದೆ, ‘ಆರ್‌ಟಿ 60’ ಎಂದರೆ ಅರವತ್ತು ಡಿಗ್ರಿ ಬಲಕ್ಕೆ, ನಡೆದಲ್ಲೆಲ್ಲ ಗೆರೆ. ಸಮಬಾಹು ತ್ರಿಭುಜ ಬರೆಸಿ ಎಂದಿದ್ದಾರೆ ಮೇಷ್ಟ್ರು. ಇದೇನು ಮಹಾ? ಅದರ ಕೋನ 60 ಎಂಬುದು ಎಲ್ಲರಿಗೂ ಬಾಯಿಪಾಠ. ಮೂರು ಸಲ ಮುಂದೆ, ಮೂರು ಸಲ 60.

ಒಂದು ಗೋಡೆ ಎದ್ದಿತು, ಅದರ ಮೇಲೆ ಎರಡು ಕಡೆ ಇಳಿಜಾರಿನ ಸೂರು. ಅಷ್ಟೇ.

“ಸಾರ್, ಮನೆ ಬಂತು ಸಾರ್!”

“ಒಂದು ಗೋಡೆನೇ ಇಲ್ವಲ್ಲೋ.”

ಪಕ್ಕದ ಗುಂಪು ಹಟ ಬಿಡದೆ ಆರು ಸಲ ಕೊಟ್ಟು ಷಡ್ಭುಜ ಮಾಡಿಕೊಂಡು ಕೂತಿದೆ.

ಮೇಷ್ಟ್ರು ಉತ್ತರ ಹೇಳಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಎಳೆದು, “ಬಾರೋ, ಈಗ ನೀನೇ ಆಮೆ. ನಡಿ” ಅಂದರು. ಹುಡುಗ ಒಂದು ಬಾಹು ನಡೆದು ಮೂಲೆಯಲ್ಲಿ ನಿಂತ. ಮುಂದಿನ ಗೆರೆಗೆ ಮುಖ ಮಾಡಲು ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕಾಯಿತು. “ಅರವತ್ತಲ್ಲ ಸಾರ್, ಜಾಸ್ತಿ!” ಎಂದು ಕೂಗಿದ್ದು ಬಾಗಿಲ ಬಳಿಯ ಹುಡುಗಿ. ಆಮೆ ತಿರುಗುವುದು ಬಾಹ್ಯಕೋನದಷ್ಟು: 180ರಲ್ಲಿ 60 ಕಳೆದರೆ 120. ಮೂರೂ ಮೂಲೆಯಲ್ಲಿ ತಿರುಗಿ, ಹೊರಟ ದಿಕ್ಕಿಗೇ ಮುಖ ಮಾಡಿ ನಿಂತಾಗ ಲೆಕ್ಕ 360.

ಸೆಮೂರ್ ಪೇಪರ್ಟ್ ಬಯಸಿದ್ದು ಇದನ್ನೇ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ದುಡಿದು, ಅಮೆರಿಕದ ಎಂಐಟಿ ಸೇರಿದ ಈ ಗಣಿತಜ್ಞ 1967ರಲ್ಲಿ ಸಂಗಡಿಗರೊಂದಿಗೆ ಲೋಗೋ ರೂಪಿಸಿದರು. ಮೊದಮೊದಲ ಆಮೆ ಪೆನ್ನು ಹೊತ್ತು ನೆಲದ ಮೇಲೆ ಓಡಾಡುವ ಯಂತ್ರವಾಗಿತ್ತು. ಮಗುವೇ ಕಂಪ್ಯೂಟರಿಗೆ ಕಲಿಸಬೇಕು ಎಂಬುದು ಅವರ ವಾದ. 2007ರಲ್ಲಿ ಬಂದ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್ ಕೂಡ ಇದೇ ಬಳ್ಳಿಯದು.

ಅಷ್ಟರಲ್ಲಿ ಕೋಣೆ ಸಂತೆಯಾಗಿದೆ. 72ರಂತೆ ಐದು ಸಲ, ಪಂಚಭುಜ. ಅದನ್ನೇ ಇಮ್ಮಡಿಸಿ 144 ಕೊಟ್ಟವಳಿಗೆ ನಕ್ಷತ್ರ! ಒಟ್ಟು 720, ಅಂದರೆ ಆಮೆ ಎರಡು ಸುತ್ತು ತಿರುಗಿದೆ. ಒಬ್ಬ ಒಂದು ಹೆಜ್ಜೆ, ಒಂದು ಡಿಗ್ರಿಯನ್ನು 360 ಸಲ ಕೊಟ್ಟು ವೃತ್ತ ಎಂದ. ಅದು 360 ಬಾಹುಗಳ ಬಹುಭುಜ ಎಂದು ಇನ್ನೊಬ್ಬನ ತಕರಾರು. ಇಬ್ಬರದೂ ಒಪ್ಪತಕ್ಕ ಮಾತೇ.

ಸ್ಮಾರ್ಟ್ ಕ್ಲಾಸ್ ಎಂದು ವಿಡಿಯೋ ಹಾಕಿ ಕೂರಿಸುವುದಕ್ಕೂ ಇದಕ್ಕೂ ಅಜಗಜಾಂತರ. ವಿಡಿಯೋದಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಆಮೆಯೋ, ನಾವು ಹೇಳಿದ ತಪ್ಪನ್ನು ಚಾಚೂತಪ್ಪದೆ ಮಾಡಿ ತೋರಿಸುತ್ತದೆ.

ಲೋಗೋಗೆ ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರ್ ಸಾಕು. ಕಂಪ್ಯೂಟರ್ ಕೋಣೆಗೆ ಬೀಗ ಜಡಿದಿಟ್ಟಿರುವ ಮುಖ್ಯೋಪಾಧ್ಯಾಯರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬೀಗದ ಕೈಯನ್ನು ಗಣಿತದ ಮೇಷ್ಟ್ರಿಗೆ ಕೊಡಿ.