ಪಕ್ಷದ ಉಮೇದುವಾರನೂ ಮತದಾರರ ಆಯ್ಕೆಯೂ: 1969ರ ಬೆಂಗಳೂರು ನಿರ್ಣಯ

ವಿಜಯಪುರ ಜಿಲ್ಲೆಯ ಆಲಮೇಲದ ಮತದಾರನು ರಾಷ್ಟ್ರಪತಿಯ ಚುನಾವಣೆಯಲ್ಲಿ ತಾನೇ ಮತ ನೀಡುವುದಿಲ್ಲ. ಅವನು ಸಿಂದಗಿ ಕ್ಷೇತ್ರದಿಂದ ವಿಧಾನಸಭೆಗೂ ಜಿಲ್ಲೆಯ ಕ್ಷೇತ್ರದಿಂದ ಲೋಕಸಭೆಗೂ ಆರಿಸಿ ಕಳುಹಿಸಿದ ಪ್ರತಿನಿಧಿಗಳು ಅವನಿಗಾಗಿ ಆ ಮತವನ್ನು ಚಲಾಯಿಸುತ್ತಾರೆ. ಸಂವಿಧಾನದ 54ನೆಯ ವಿಧಿಯು ಈ ಅಧಿಕಾರವನ್ನು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ ಕೊಟ್ಟಿದೆ. ಶಾಸಕನ ಮತದ ಮೌಲ್ಯವು ಅವನ ರಾಜ್ಯದ ಜನಸಂಖ್ಯೆಯನ್ನು ಅವಲಂಬಿಸಿದೆ. 1971ರ ಗಣತಿಯಲ್ಲಿ ಕಂಡ 2,92,99,014 ಜನರನ್ನು 224 ಸ್ಥಾನಗಳಿಂದಲೂ ಬಳಿಕ ಸಾವಿರದಿಂದಲೂ ಭಾಗಿಸಿದಾಗ ಕರ್ನಾಟಕದ ಶಾಸಕನೊಬ್ಬನ ಮತಕ್ಕೆ 131 ಎಂಬ ಬೆಲೆ ದೊರೆಯುತ್ತದೆ. ಹೀಗೆ ಮತದ ಲೆಕ್ಕವನ್ನು ಸಂವಿಧಾನವು ಬಿಡಿಬಿಡಿಯಾಗಿ ಹೇಳಿದೆ. ಆದರೆ ಮತದಾರರ ಮುಂದೆ ಬರುವ ಹೆಸರುಗಳನ್ನು ಪಕ್ಷಗಳು ಹೇಗೆ ಆರಿಸಬೇಕು ಎಂಬ ವಿಷಯದಲ್ಲಿ ಅದು ಮೌನವಾಗಿದೆ. ಈ ಮೌನದಿಂದ ಏನಾಗಬಲ್ಲುದೆಂಬುದನ್ನು 1969ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ನಿರ್ಣಯದ ಮೂಲಕ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಹೋಲಿಕೆಗಾಗಿ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಪದ್ಧತಿಯನ್ನು ಗಮನಿಸೋಣ. ಅಲ್ಲಿ ಆರಂಭದ ದಶಕಗಳಲ್ಲಿ ಅಧ್ಯಕ್ಷ ಪದವಿಯ ಉಮೇದುವಾರನನ್ನು ಪಕ್ಷಕ್ಕೆ ಸೇರಿದ ಸಂಸತ್ಸದಸ್ಯರು ಒಂದೆಡೆ ಕಲೆತು ಗೊತ್ತುಮಾಡುತ್ತಿದ್ದರು. ಈ ಕೂಟಕ್ಕೆ ಕಾಕಸ್ ಎಂದು ಹೆಸರು. 1824ರ ಫೆಬ್ರವರಿಯಲ್ಲಿ ಇಂಥ ಕೂಟವನ್ನು ಕರೆದಾಗ ಬಹುಸಂಖ್ಯೆಯ ಸದಸ್ಯರು ದೂರವುಳಿದರು. ಬಂದ 66 ಮಂದಿ ವಿಲಿಯಂ ಕ್ರಾಫರ್ಡನನ್ನು ಸೂಚಿಸಿದರು. ಆ ಸೂಚನೆಯನ್ನು ಲೆಕ್ಕಿಸದೆ ಆಡಮ್ಸ್, ಜಾಕ್ಸನ್ ಮತ್ತು ಕ್ಲೇ ಸ್ಪರ್ಧಿಸಿದರು. ಚುನಾಯಕ ಮತಗಳಲ್ಲಿ ಕ್ರಾಫರ್ಡನಿಗೆ ಮೂರನೆಯ ಸ್ಥಾನ ದೊರೆಯಿತು. ಅಲ್ಲಿಗೆ ಆ ಪದ್ಧತಿ ಮುಗಿಯಿತು. ಮುಂದೆ ರಾಷ್ಟ್ರೀಯ ಸಮ್ಮೇಳನಗಳು ಬಂದವು. ಅವುಗಳಿಗೆ ಪ್ರತಿನಿಧಿಗಳನ್ನು ಕಳುಹಿಸಲು ಕೆಲವು ರಾಜ್ಯಗಳಲ್ಲಿ ಪಕ್ಷದ ಸ್ಥಳೀಯ ಕಾಕಸ್‌ಗಳು ನೆಲೆಗೊಂಡವು. ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಪಕ್ಷದ ಸಾಮಾನ್ಯ ಅನುಯಾಯಿಗಳು ಕೂಡಿ, ಚರ್ಚಿಸಿ, ತಮ್ಮ ಒಲವನ್ನು ಎಣಿಸುತ್ತಾರೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರಕ್ಕೆ ಆಯ್ಕೆ ಮೇಲೇರುತ್ತದೆ. 1972ರಿಂದೀಚೆಗೆ ಅಯೋವಾ ರಾಜ್ಯದ ಕಾಕಸ್ ಈ ವಿಷಯದಲ್ಲಿ ಜಗತ್ಪ್ರಸಿದ್ಧವಾಯಿತು. ಈ ಕ್ರಮಕ್ಕೆ ದೋಷಗಳಿಲ್ಲವೆಂದಲ್ಲ; ಆದರೆ ಕೊನೆಗೆ ಮತ ಹಾಕುವವರ ಮನಸ್ಸನ್ನು ಪಕ್ಷವು ಮುಂಚಿತವಾಗಿ ತಿಳಿಯುವ ದಾರಿ ಅದರಲ್ಲಿದೆ.

ನಮ್ಮ ದೇಶದಲ್ಲಿ ಅಂಥ ದಾರಿ ಇರಲಿಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನರು ನಿಧನರಾದರು. ಉಪರಾಷ್ಟ್ರಪತಿಗಳೂ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ. ವಿ. ಗಿರಿಯವರು ಆ ಪದವಿಯ ಭಾರವನ್ನು ತಾತ್ಕಾಲಿಕವಾಗಿ ವಹಿಸಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು. ಅವರು ಚಿತ್ರದುರ್ಗದ ಕಡೆಯವರಾದರೂ ವಿಜಾಪುರ ಜಿಲ್ಲೆಗೆ ಅಪರಿಚಿತರಲ್ಲ. 1962ರಲ್ಲಿ ಹೊಸದುರ್ಗದಲ್ಲಿ ಸೋತ ಮೇಲೆ ಅವರನ್ನು ವಿಧಾನಸಭೆಗೆ ಕಳುಹಿಸಿದ್ದು ಆಗ ಈ ಜಿಲ್ಲೆಗೇ ಸೇರಿದ್ದ ಬಾಗಲಕೋಟೆ.

ಜುಲೈ ತಿಂಗಳಲ್ಲಿ ಕಾಂಗ್ರೆಸ್ಸಿನ ಮಹಾಸಮಿತಿಯು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಆ ಅಧಿವೇಶನದ ನಡುವೆ, ಜುಲೈ 12ರಂದು, ಪಕ್ಷದ ಪಾರ್ಲಿಮೆಂಟರಿ ಮಂಡಲಿಯು ರಾಷ್ಟ್ರಪತಿಯ ಉಮೇದುವಾರನನ್ನು ಗೊತ್ತುಮಾಡಲು ಕುಳಿತಿತು. ಅದರಲ್ಲಿದ್ದವರು ಬೆರಳೆಣಿಕೆಯ ನಾಯಕರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ ಜಗಜೀವನರಾಮರು ರಾಷ್ಟ್ರಪತಿಯಾಗುವುದು ಯುಕ್ತವೆಂದು ಪ್ರಧಾನಿ ಇಂದಿರಾ ಗಾಂಧಿಯವರು ಸೂಚಿಸಿದರು. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್. ಕೆ. ಪಾಟೀಲರು ಲೋಕಸಭೆಯ ಸಭಾಪತಿ ನೀಲಂ ಸಂಜೀವ ರೆಡ್ಡಿಯವರನ್ನು ಬಯಸಿದರು, ವೈ. ಬಿ. ಚವಾಣರೂ ಅತ್ತ ಸೇರಿದರು. ಫಕ್ರುದ್ದೀನ್ ಅಲಿ ಅಹಮದರು ಪ್ರಧಾನಿಯ ಪಕ್ಕದಲ್ಲಿದ್ದರು. ಬಹುಮತ ರೆಡ್ಡಿಯವರ ಕಡೆಗಾಯಿತು. ಪಕ್ಷದ ನಿಯಮದ ದೃಷ್ಟಿಯಿಂದ ವಿಷಯ ಅಲ್ಲಿಗೆ ಇತ್ಯರ್ಥವಾದಂತೆಯೇ. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಪ್ರಧಾನಿಯವರೂ ಸಹಿ ಹಾಕಿದರು.

ಆದರೆ ಮುಂದಿನ ವಾರಗಳು ಬೇರೆ ಕತೆಯನ್ನೇ ಹೇಳಿದವು. ಮೊರಾರ್ಜಿಯವರಿಂದ ಹಣಕಾಸಿನ ಖಾತೆಯನ್ನು ಹಿಂದೆಗೆದುಕೊಳ್ಳಲಾಯಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಗಿರಿಯವರು ರಾಜೀನಾಮೆಯಿತ್ತು ಸ್ವತಂತ್ರರಾಗಿ ಸ್ಪರ್ಧೆಗೆ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ. ಡಿ. ದೇಶಮುಖರನ್ನು ನಿಲ್ಲಿಸಿದ್ದವು. ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತಗಳು ರೆಡ್ಡಿಯವರಿಗೆ ದೊರೆಯಲೆಂದು ನಿಜಲಿಂಗಪ್ಪನವರು ಅವುಗಳ ಮುಖಂಡರೊಡನೆ ಮಾತನಾಡಿದರು. ಇದನ್ನೇ ಹಿಡಿದು ಪ್ರಧಾನಿಯ ಕಡೆಯವರು, ಅಂತಃಸಾಕ್ಷಿಗನುಗುಣವಾಗಿ ಮತ ನೀಡುವ ಸ್ವಾತಂತ್ರ್ಯ ಪ್ರತಿಯೊಬ್ಬ ಸದಸ್ಯನಿಗೂ ಇರಬೇಕೆಂದು ವಾದಿಸಿದರು.

ಆಗಸ್ಟ್ 16ರಂದು ಮತದಾನ ನಡೆದು 20ರಂದು ಎಣಿಕೆಯಾಯಿತು. ಗೆಲುವಿಗೆ 4,18,169 ಮತಮೌಲ್ಯ ಬೇಕಾಗಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ದೊರೆತವು. ಯಾರಿಗೂ ಬೇಕಾದಷ್ಟು ಬಾರದಿದ್ದುದರಿಂದ ಹಿಂದುಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಲಾಯಿತು. ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650 ಮಾತ್ರ.

ಈ ಅಂಕಿಗಳನ್ನು ತುಸು ನಿಧಾನವಾಗಿ ಓದಬೇಕು. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸೇರಿದ್ದು 91,879. ಗಿರಿಯವರಿಗೆ ಸೇರಿದ್ದು 18,562. ಅಂದರೆ ಎರಡನೆಯ ಪ್ರಾಶಸ್ತ್ಯಕ್ಕಾಗಿ ನಿಜಲಿಂಗಪ್ಪನವರು ಪಟ್ಟ ಪ್ರಯತ್ನ ವಿಫಲವಾಗಲಿಲ್ಲ. ಕೊರತೆ ಬಿದ್ದದ್ದು ಮೊದಲ ಪ್ರಾಶಸ್ತ್ಯದಲ್ಲಿ. ಕಮ್ಯುನಿಸ್ಟರು, ದ್ರಾವಿಡ ಮುನ್ನೇತ್ರ ಕಳಗಂ ಮೊದಲಾದವರು ಗಿರಿಯವರನ್ನು ಬೆಂಬಲಿಸಿದ್ದುದು ನಿಜ. ಆದರೂ ಕಾಂಗ್ರೆಸ್ಸಿನ ಸದಸ್ಯರಲ್ಲಿ ದೊಡ್ಡದೊಂದು ಭಾಗ ಗಿರಿಯವರತ್ತ ತಿರುಗದೆ ಈ ಫಲಿತಾಂಶ ಸಾಧ್ಯವಿರಲಿಲ್ಲ. ಹೊರಗಿನವರ ಮತಗಳು ಬಂದವು, ಮನೆಯವರ ಮತಗಳು ಹೋದವು.

ಇದನ್ನು ಕೇವಲ ಪಕ್ಷದ್ರೋಹವೆಂದೋ ಕೇವಲ ಆತ್ಮಸಾಕ್ಷಿಯ ವಿಜಯವೆಂದೋ ವರ್ಣಿಸುವ ರೂಢಿಯುಂಟು. ನಮ್ಮ ಅಭಿಪ್ರಾಯದಲ್ಲಿ ಎರಡೂ ಅಪೂರ್ಣ. ಮಂಡಲಿಯ ನಿರ್ಣಯ ನಿಯಮಬದ್ಧವಾಗಿತ್ತು. ಅದಕ್ಕೆ ಸಹಿ ಹಾಕಿ ಬಳಿಕ ಸಡಿಲಿಸಿದ ನಡತೆಯನ್ನು ನಿಜಲಿಂಗಪ್ಪನವರು ಆಕ್ಷೇಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮತ ಹಾಕಬೇಕಾಗಿದ್ದ ಶಾಸಕರನ್ನೂ ಸಂಸತ್ಸದಸ್ಯರನ್ನೂ ಆ ಮಂಡಲಿ ಕೇಳಿರಲಿಲ್ಲವೆಂಬುದೂ ಅಷ್ಟೇ ಸತ್ಯ. 1958ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರನ್ನು ಮುಖ್ಯಮಂತ್ರಿಯ ಪದವಿಗೆ ಆರಿಸಿದಾಗ ಶಾಸಕಪಕ್ಷವೇ ತನ್ನ ನಾಯಕನನ್ನು ಗೊತ್ತುಮಾಡಿತ್ತು. ಆರಿಸಿದವರೂ ಬೆಂಬಲಿಸಬೇಕಾದವರೂ ಒಬ್ಬರೇ ಆಗಿದ್ದರು. 1969ರಲ್ಲಿ ಆರಿಸಿದವರು ಕೆಲವರು, ಮತ ಹಾಕುವವರು ಬೇರೆ ಸಾವಿರಾರು ಮಂದಿ, ಮತದಾನವೋ ರಹಸ್ಯ. ಜುಲೈಯಲ್ಲಿ ನಡೆಯದೆ ಹೋದ ಕಾಕಸ್ ಆಗಸ್ಟಿನಲ್ಲಿ ಚುನಾವಣೆಯ ರೂಪದಲ್ಲಿಯೇ ನಡೆದುಹೋಯಿತೆಂದು ನಾವು ಹೇಳಬಹುದು. ಅದಕ್ಕೆ ತೆತ್ತ ಬೆಲೆ ದೊಡ್ಡದು: ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು.

ಆಮೇಲೆ ಕಾನೂನು ಬದಲಾಯಿತು, ಆದರೆ ಬೇರೊಂದು ದಿಕ್ಕಿನಲ್ಲಿ. 1969ರಲ್ಲಿ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಾಗಿತ್ತು. 15 ಮಂದಿ ಕಣದಲ್ಲಿದ್ದರು. 1974ರಲ್ಲಿ ಹತ್ತು ಹತ್ತು ಮಂದಿ ಬೇಕೆಂದಾಯಿತು, 1997ರಲ್ಲಿ ಐವತ್ತು ಐವತ್ತು. ಹಗುರಾದ ಸ್ಪರ್ಧೆ ಇದರಿಂದ ತಗ್ಗಿತು; ಪಕ್ಷದೊಳಗಿನ ಆಯ್ಕೆಯ ಕ್ರಮ ಮಾತ್ರ ಹಿಂದಿನಂತೆಯೇ ಉಳಿಯಿತು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ಆ ಸ್ಥಾನವನ್ನು ತಾತ್ಕಾಲಿಕವಾಗಿ ನಿರ್ವಹಿಸಿದವರು ಉಪರಾಷ್ಟ್ರಪತಿ ಜತ್ತಿಯವರು. ಜುಲೈ 25ರಂದು ಅವರಿಂದ ಅಧಿಕಾರ ಪಡೆದವರು ಸಂಜೀವ ರೆಡ್ಡಿಯವರು. ಆ ಸಲ ಬಂದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿದ್ದವು. ಹಿಂದೆ ಸೋತಿದ್ದವರು ಅವಿರೋಧವಾಗಿ ಗೆದ್ದರು. ಬೆಂಗಳೂರಿನ ಮಂಡಲಿಯ ಬಹುಮತ ಎಂಟು ವರ್ಷಗಳಲ್ಲಿ ಮಾಡಲಾಗದುದನ್ನು ಪಕ್ಷಗಳ ನಡುವಣ ಒಮ್ಮತ ಸುಲಭವಾಗಿ ಮಾಡಿತು. ಆಲಮೇಲದ ಮತದಾರನ 131 ಮೌಲ್ಯದ ಪ್ರತಿನಿಧಿ ಇಂದಿಗೂ ರಹಸ್ಯವಾಗಿಯೇ ಮತ ಹಾಕುತ್ತಾನೆ. ಅವನನ್ನು ಮೊದಲೇ ಕೇಳುವುದು ಸೌಜನ್ಯ ಮಾತ್ರವಲ್ಲ, ವಿವೇಕವೂ ಹೌದೆಂಬುದೇ 1969 ಕಲಿಸುವ ಪಾಠ.