ಕಪ್ಪು ಟಿಸಿಲುಗಳ ಲೆಕ್ಕ

ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಒಂದು ಗಳಿಗೆ ತಡೆಯಿರಿ. ಮೊದಲು ಕಾಣುವುದು ಬರೀ ಜೇನುಬಣ್ಣದ ಬೆಳಕು. ತಿರುಪನ್ನು ಒಂಚೂರು ತಿರುವಿದರೆ ಆ ಹೊಂಬೆಳಕಿನೊಳಗಿಂದ ಕಡುಗಪ್ಪು ನರಕೋಶವೊಂದು ಎಲೆಯುದುರಿದ ಮರದ ಹಾಗೆ ಎದ್ದು ನಿಲ್ಲುತ್ತದೆ: ಒಂದು ಕಾಂಡ, ಅದಕ್ಕೆ ಟಿಸಿಲು, ಟಿಸಿಲಿಗೆ ಮತ್ತೆ ಟಿಸಿಲು. ಅಕ್ಕಪಕ್ಕದ ಕೋಶಗಳೆಲ್ಲ ಅಲ್ಲೇ ಇದ್ದೂ ಕಾಣುವುದಿಲ್ಲ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಬಣ್ಣಗಾರಿಕೆಯ ಮಹಿಮೆ ಅದು. ಮಿದುಳಿನ ತುಂಡನ್ನು ಕಿತ್ತಳೆಬಣ್ಣದ ಡೈಕ್ರೊಮೇಟ್ ದ್ರಾವಣದಲ್ಲಿ ದಿನಗಟ್ಟಲೆ ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟರೆ ಎಲ್ಲೋ ಕೆಲವು ಕೋಶಗಳು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಕೆಲಸದವರ ಬೆರಳಿಗೆ ತಗುಲಿದರೂ ಅಷ್ಟೇ. ಆ ಕಲೆ ಸೋಪಿಗೆ ಜಗ್ಗುವುದಿಲ್ಲ.

ಇನ್ನು ಚಿತ್ರ ಬರೆಯುವ ಕೆಲಸ. ಮೈಕ್ರೋಸ್ಕೋಪಿಗೆ ಜೋಡಿಸಿದ ಕ್ಯಾಮೆರಾ ಲೂಸಿಡಾ ಎಂಬ ಕೊಳವೆಯಲ್ಲಿ ಕೋಶವೂ ಮೇಜಿನ ಮೇಲಿನ ಹಾಳೆಯೂ ಒಂದರ ಮೇಲೊಂದು ಬಂದು ಕೂರುತ್ತವೆ. ಟಿಸಿಲು ಕವಲೊಡೆದಲ್ಲಿ ಪೆನ್ಸಿಲ್ಲೂ ಕವಲೊಡೆಯಬೇಕು, ಆಳಕ್ಕಿಳಿದಲ್ಲಿ ತಿರುಪು ತಿರುವಿ ಬೆನ್ನುಹತ್ತಬೇಕು. ಒಂದು ಕೋಶ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಂಡಿರುತ್ತದೆ, ಮುಂದಿನದು ಕಾಯುತ್ತಿರುತ್ತದೆ. ಬಳಿಕ ಕೋಶದ ಒಡಲನ್ನು ನಡುವಿಟ್ಟು ಒಂದರ ಸುತ್ತ ಒಂದು ವೃತ್ತ ಎಳೆದು, ಯಾವ ವೃತ್ತದೊಳಗೆ ಎಷ್ಟು ಉದ್ದದ ಟಿಸಿಲಿದೆ, ಎಷ್ಟು ಕವಲಿದೆ ಎಂದು ಎಣಿಸುತ್ತ ಹೋಗುವುದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆಯ ಮರಗಳ ನಡುವೆ ಇರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರ ತಂಡ ಇಂಥ ಕೋಶಗಳ ಬೆನ್ನು ಹತ್ತಿತ್ತು. ಭೌತಶಾಸ್ತ್ರ ಓದಿ ಮಿದುಳಿನ ಕಡೆ ಹೊರಳಿದವರು ಅವರು. ದಿನಕ್ಕೆ 2 ಗಂಟೆಯಂತೆ 10 ದಿನ ಮಿಸುಕಾಡದ ಹಾಗೆ ಕಟ್ಟಿಹಾಕಿದ ಇಲಿಗಳ ಮಿದುಳಿನಲ್ಲಿ ಏನಾಗುತ್ತದೆಂಬುದು ಪ್ರಶ್ನೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಒತ್ತಡದಿಂದ ಟಿಸಿಲುಗಳು ಕುಗ್ಗುತ್ತವೆಂದು ನ್ಯೂಯಾರ್ಕಿನ ಬ್ರೂಸ್ ಮೆಕ್‌ಯೂಯೆನ್ ಮೊದಲಾದವರು ಆಗಲೇ ತೋರಿಸಿದ್ದರು. ಬೆಂಗಳೂರಿನ ಸ್ಲೈಡುಗಳಲ್ಲೂ ಅದು ಕಂಡಿತು. ಆದರೆ ಅದೇ ಇಲಿಯ ಅಮಿಗ್ಡಲದಲ್ಲಿ, ಭಯವನ್ನು ಕಾಯ್ದುಕೊಳ್ಳುವ ಆ ಪುಟ್ಟ ಭಾಗದಲ್ಲಿ, ಟಿಸಿಲುಗಳು ಇನ್ನಷ್ಟು ಚಾಚಿ ಹಬ್ಬಿದ್ದವು. ಒಂದೇ ಒತ್ತಡ, ಒಂದೇ ತಲೆ. ನೆನಪಿನ ಕಡೆ ಬಡಕಲು, ಭಯದ ಕಡೆ ಹುಲುಸು.

2002ರಲ್ಲಿ ಜರ್ನಲ್ ಆಫ್ ನ್ಯೂರೋಸೈನ್ಸ್‌ನಲ್ಲಿ ಇದು ಅಚ್ಚಾಯಿತು. ಎರಡು ವರ್ಷದ ನಂತರ ಬಂದ ಇನ್ನೊಂದು ಪ್ರಬಂಧ ಮಾತನ್ನು ಗಟ್ಟಿ ಮಾಡಿತು: ಇಲಿಗಳಿಗೆ 21 ದಿನ ಬಿಡುವು ಕೊಟ್ಟರೂ ಅಮಿಗ್ಡಲದ ಹಬ್ಬುಗೆ ಇಳಿಯಲಿಲ್ಲ, ಇಲಿಗಳ ಅಂಜಿಕೆಯೂ ಹೋಗಲಿಲ್ಲ. 2005ರದ್ದು ಇನ್ನೂ ವಿಚಿತ್ರ. ಒಂದೇ ಒಂದು ಸಲ ಕಟ್ಟಿಹಾಕಿದರೆ ಮರುದಿನ ಏನೂ ಕಾಣದು. 10 ದಿನ ಕಳೆದ ಮೇಲೆ ಟಿಸಿಲುಗಳ ಮೈಮೇಲೆ ಹೊಸ ಮುಳ್ಳುಗಳು ಮೂಡಿರುತ್ತವೆ. ಆಘಾತವಾದ ದಿನ ಗಟ್ಟಿಯಾಗಿದ್ದವರು ವಾರಗಳ ಮೇಲೆ ಬೆಚ್ಚಿಬೀಳುವುದನ್ನು ಕಂಡ ಮನೋವೈದ್ಯರಿಗೆ ಇದು ಬೇಕಾದ ಸುಳಿವೇ ಆಗಿತ್ತು.

ಹೀಗೆ ಖಿನ್ನತೆ, ಆತಂಕ, ಆಘಾತೋತ್ತರ ಒತ್ತಡಗಳ ಬಗ್ಗೆ ಬರೆಯುವವರು ಬೆಂಗಳೂರಿನ ಈ ಪ್ರಬಂಧಗಳನ್ನು ಹೆಸರಿಸತೊಡಗಿದರು. 2002ರ ಪ್ರಬಂಧದ ಉಲ್ಲೇಖಗಳು ಸಾವಿರ ದಾಟಿ ಎಷ್ಟೋ ಕಾಲವಾಗಿದೆ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಇಂಥ ಲೆಕ್ಕಕ್ಕೆ ಎಚ್-ಸೂಚ್ಯಂಕ ಹುಟ್ಟುಹಾಕಿದರು: ಕನಿಷ್ಠ 40 ಸಲ ಉಲ್ಲೇಖವಾದ 40 ಪ್ರಬಂಧಗಳಿದ್ದರೆ ನಿಮ್ಮ ಸೂಚ್ಯಂಕ 40. ಇದರಲ್ಲಿ ಒಂದು ಪ್ರಬಂಧ ಸಾವಿರ ಸಲ ಹೆಸರಾದರೂ ಎಣಿಕೆಗೆ ಒಂದೇ.

ಆ ಒಂದರ ಹಿಂದೆ, ಚಟರ್ಜಿಯವರದೂ ಸೇರಿ, ನಾಲ್ಕು ಹೆಸರಿವೆ. ಅಜಯ್ ವ್ಯಾಸ್ ಮತ್ತು ರೂಪ್ಶಿ ಮಿತ್ರಾ ಮುಂದೆ ಸಿಂಗಪುರದಲ್ಲಿ ತಮ್ಮ ತಮ್ಮ ಪ್ರಯೋಗಾಲಯ ಕಟ್ಟಿದರು; ಬಿ.ಎಸ್. ಶಂಕರನಾರಾಯಣ ರಾವ್ ನಿಮ್ಹಾನ್ಸ್‌ನಲ್ಲಿ ನರಕೋಶಗಳ ಟಿಸಿಲುಗಳನ್ನು ವರ್ಷಗಳಿಂದ ಅಳೆಯುತ್ತ ಬಂದವರು. ಉಲ್ಲೇಖದ ಪಟ್ಟಿ ನಾಲ್ವರಿಗೂ ಸಮನಾಗಿ ಒಂದೊಂದು ಅಂಕ ಹಾಕುತ್ತದೆ. ಯಾರು ಚಿತ್ರ ಬರೆದರು, ಯಾರು ಪ್ರಶ್ನೆ ಕೇಳಿದರು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.