ಮುದಿ ನಾಯಿಗಳ ಅಂಗಳ

ಸಾಂಗ್ಲಿ ಮತ್ತು ಮಿರಜ ಈಗ ಎರಡು ಊರುಗಳಾಗಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. 1998ರಲ್ಲಿ ಕುಪವಾಡವನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದ ಮೇಲೆ ನಡುವಿನ ಹೊಲಗಳ ಬಹುಭಾಗ ಆಸ್ಪತ್ರೆ, ಕಾಲೇಜು, ಅಪಾರ್ಟ್‌ಮೆಂಟು ಆಗಿದೆ. ಎರಡೂರ ನಡುವಿನ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಹೊರಳಿ, ಮನೆಗಳು ಮುಗಿದು ಕಬ್ಬು ಶುರುವಾಗುವಲ್ಲಿ ನಾನು ನೋಡಲು ಹೋದ ಜಾಗವಿದೆ. ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಜಾಗ. ಹೆಸರು ಬರೆಯಬೇಡಿ ಎಂದು ಮೊದಲೇ ಕೇಳಿಕೊಂಡರು. ಕೇಳಿದವರು ಅಲ್ಲಿ ಕೆಲಸ ಮಾಡುವ ಹೆಂಗಸು. ಜತ್ತದ ಕಡೆಯವರು, ಮನೆಮಾತು ಕನ್ನಡ, ಎಲ್ಲರೂ ಅವರನ್ನು ಮಾವಶಿ ಎನ್ನುತ್ತಾರೆ. “ಪೇಪರ್‌ದಾಗ ಹೆಸರ ಬಂತಂದ್ರ ಮರುದಿನಾನ ಗೇಟಿಗೆ ನಾಕ ನಾಯಿ ಕಟ್ಟಿರ್ತಾರ್ರಿ ಸರ,” ಅಂದರು.

ಗೇಟಿನ ಎಡಗಂಬಕ್ಕೆ ಒಂದು ಕಬ್ಬಿಣದ ಬಳೆ ಇದೆ. ದನ ಕಟ್ಟಲು ಹಾಕಿಸಿದ್ದು. ರಾತ್ರಿ ಹೊತ್ತು ನಾಯಿ ತಂದವರು ಅದಕ್ಕೇ ಕಟ್ಟಿ ಹೋಗುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಬಲಗಡೆ ಗೋಡೆಯ ಮೊಳೆಗಳಲ್ಲಿ, ಹಾಗೆ ಬಂದ ನಾಯಿಗಳ ಹಗ್ಗಗಳು ಜೋತು ಬಿದ್ದಿವೆ. ನೈಲಾನ್ ಹಗ್ಗ, ಸ್ಟೀಲಿನ ಸರಪಳಿ, ಒಂದು ಹಳೆಯ ದುಪಟ್ಟಾ, ದಪ್ಪ ಚರ್ಮದ ಬೆಲ್ಟುಗಳು. ಎಸೆಯುವುದಿಲ್ಲ. ನಾಯಿಗಳನ್ನು ಸಂಜೆ ಅಡ್ಡಾಡಿಸಲು ಅವನ್ನೇ ಬಳಸುತ್ತಾರೆ. ಒಂದು ಬೆಲ್ಟಿನ ತಗಡಿನ ಬಿಲ್ಲೆಯ ಮೇಲೆ ಫೋನ್ ನಂಬರು ಕೊರೆಸಿದ ಗುರುತಿತ್ತು. ಅಂಕಿಗಳನ್ನು ಯಾರೋ ಗೀಚಿ ಅಳಿಸಿದ್ದರು. 9 ಎಂಬ ಅಂಕಿ ಓದಲು ಬಂತು, ಉಳಿದದ್ದು ಬರಲಿಲ್ಲ.

ಗೇಟಿನ ಒಳಮೈಗೆ ಕಾನೂನಿನ ಒಂದು ಹಾಳೆ ಅಂಟಿಸಿದ್ದಾರೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಐವತ್ತು ರೂಪಾಯಿಗೆ ತೂಕವಿತ್ತು. ಈಗ ಖಾಸಗಿ ಡಾಕ್ಟರ ಹತ್ತಿರ ಒಂದು ರೇಬೀಸ್ ಲಸಿಕೆ ಹಾಕಿಸಲೂ ಅಷ್ಟು ಸಾಲದು. ಮೂರು ವರ್ಷದೊಳಗೆ ಎರಡನೆಯ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸೆರೆಮನೆ ಆಗಬಹುದು. ಆದರೆ ಮೊದಲ ಸಲ ಯಾರೆಂದು ಗೊತ್ತಾಗುವುದೇ ಕಷ್ಟ, ನಂಬರನ್ನೂ ಗೀಚಿ ಹೋಗಿರುತ್ತಾರಲ್ಲ.

ಮೊದಲು ಸಿಗುವುದು ದನದ ಕೊಟ್ಟಿಗೆ. ನಾನು ಬಂದದ್ದು ನಾಯಿಗಳನ್ನು ನೋಡಲು. ಆದರೂ ಇಲ್ಲಿ ನಿಂತೆ. ಬತ್ತಿದ ಎಮ್ಮೆಗಳು, ಜರ್ಸಿ ಗಂಡುಕರುಗಳು, ಕೊನೆಯಲ್ಲಿ ಒಂದು ಮುದಿ ಖಿಲಾರಿ ಎತ್ತು. ಅದರ ಕೊಂಬಿನ ಬುಡದಲ್ಲಿ ಹಸಿರು ಬಣ್ಣ ಇನ್ನೂ ಇತ್ತು. ನಮ್ಮ ಕಡೆ ಕಾರಹುಣ್ಣಿಮೆ ಎನ್ನುವುದನ್ನು ಇಲ್ಲಿಯವರು ಕರ್ನಾಟಕಿ ಬೇಂದೂರ ಎಂದು ಮಾಡುತ್ತಾರೆ. ಅವತ್ತು ಹಚ್ಚಿದ ಬಣ್ಣವೇ ಇರಬೇಕು. ಹಬ್ಬ ಮಾಡಿ, ಹೋಳಿಗೆ ತಿನ್ನಿಸಿ, ಆಮೇಲೆ ತಂದು ಬಿಟ್ಟರೋ, ಅಥವಾ ಇಲ್ಲಿಗೆ ಬಂದ ಮೇಲೆ ಯಾರಾದರೂ ಹಚ್ಚಿದರೋ, ನಾನು ಕೇಳಲು ಹೋಗಲಿಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತುಗಳ ವಧೆಯೂ ನಿಂತಿದೆ, ಹೊಲದಲ್ಲಿ ಟ್ರ್ಯಾಕ್ಟರ್ ಬಂದಿದೆ. ದುಡಿಯಲಾರದ ಎತ್ತಿಗೆ ದಿನವೂ ಮೇವು ಹಾಕುವ ಭಾರ ರೈತನೊಬ್ಬನ ಮೇಲೇ ಉಳಿದಿದೆ. ಆ ಭಾರ ಹೊರಲಾರದವನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಇಲ್ಲಿಂದ ಮುಂದೆ ನೋಡಿದ್ದು ಬೇರೆ ಸಂಗತಿ.

ದನಕ್ಕೂ ನಾಯಿಗೂ ಒಂದೇ ಆವರಣ ಯಾಕೆ ಎಂದು ಮೊದಲು ಅನ್ನಿಸಿತ್ತು. ಆದರೆ ದುಡಿಯಲಾರದ ಪ್ರಾಣಿಗಳನ್ನು ಸಾಕುವ ಪಾಂಜರಪೋಳಗಳ ಚರಿತ್ರೆಯಲ್ಲೇ ನಾಯಿ ಇದೆ. 1832ರಲ್ಲಿ ಮುಂಬೈನಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಬೀದಿಗಿಳಿದು ದೊಡ್ಡ ಗಲಭೆಯಾಯಿತು. ಎರಡು ವರ್ಷಕ್ಕೆ, 1834ರಲ್ಲಿ, ಪಾರ್ಸಿ ಮತ್ತು ಗುಜರಾತಿ ವ್ಯಾಪಾರಿಗಳು ಸೇರಿ ಅಲ್ಲಿ ಪಾಂಜರಪೋಳ ತೆರೆದರು. ಜೈನರು ಹೆಚ್ಚಿರುವ ಸಾಂಗ್ಲಿ, ಕೊಲ್ಹಾಪುರ ಸೀಮೆಗೆ ಆ ಕಲ್ಪನೆ ಹೊಸದಲ್ಲ. ಕೆಲಸಕ್ಕೆ ಬಾರದ ಪ್ರಾಣಿಗೂ ಅನ್ನದ ಹಕ್ಕಿದೆ ಎಂಬ ನಂಬಿಕೆ ಇಲ್ಲಿ ಬಹಳ ಹಿಂದಿನಿಂದ ಬಂದದ್ದು.

ಕೊಟ್ಟಿಗೆ ದಾಟಿದರೆ ಜಾಲರಿ ಹಾಕಿದ ನಾಲ್ಕು ಕೋಣೆ. ಹೊಸದಾಗಿ ಬಂದ ನಾಯಿಗಳನ್ನು ಎರಡು ವಾರ ಇಲ್ಲಿ ಬೇರೆ ಇಡುತ್ತಾರೆ, ರೋಗವೇನಾದರೂ ಇದ್ದರೆ ಉಳಿದವಕ್ಕೆ ಅಂಟದಿರಲಿ ಎಂದು. ಬೀದಿಯದ್ದೋ ಮನೆಯದ್ದೋ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಮಾವಶಿ ಒಂದು ನಾಯಿಯ ಕಿವಿ ಹಿಡಿದು ತೋರಿಸಿದರು. ಸಂತಾನಹರಣ ಮಾಡಿದ ಬೀದಿನಾಯಿಯ ಕಿವಿಯ ತುದಿ ಕತ್ತರಿಸಿರುತ್ತಾರೆ. ಇದರದ್ದು ಇಡಿಯಾಗಿತ್ತು. ಆಮೇಲೆ ಕೊರಳು ತೋರಿಸಿದರು. ಬೆಲ್ಟ್ ತೆಗೆದೇ ಬಿಟ್ಟುಹೋಗಿದ್ದಾರೆ, ಆದರೆ ವರ್ಷಗಟ್ಟಲೆ ಉಜ್ಜಿ ಕೂದಲು ಸವೆದ ಉಂಗುರ ಕೊರಳ ಸುತ್ತ ಹಾಗೇ ಇದೆ. “ಬೆಲ್ಟ್ ಬಿಚ್ಚಬಹುದ್ರಿ, ಇದನ್ನ ಹೆಂಗ ಬಿಚ್ಚತಾರ?”

ಅಷ್ಟರಲ್ಲಿ ಹೊರಗೆ ಒಂದು ಕಾರು ಹಾದುಹೋಯಿತು. ಆ ಕೋಣೆಗಳ ನಾಯಿಗಳೆಲ್ಲ ಎದ್ದು ನಿಂತವು. ಅಂಗಳದಲ್ಲಿ ಮಲಗಿದ್ದ ಹಳೆಯ ನಾಯಿಗಳು ಅಲುಗಲಿಲ್ಲ. ಎದ್ದು ನಿಂತ ನಾಯಿಗಳು ನಿಜವಾಗಿ ಯಾರನ್ನೋ ಕಾಯುತ್ತಿದ್ದವೋ ಅಥವಾ ಹೊಸ ಜಾಗದ ಹೆದರಿಕೆಯೋ ನನಗೆ ಖಚಿತವಿಲ್ಲ.

ಮನೆಯ ನಾಯಿ ಬೀದಿಯಲ್ಲಿ ಹೇಗೋ ಬದುಕಿಕೊಳ್ಳುತ್ತದೆ ಎಂದು ಬಿಡುವವರು ಸಮಾಧಾನ ಮಾಡಿಕೊಳ್ಳುತ್ತಾರೆ. ಬದುಕುವುದಿಲ್ಲ. ಪ್ರತಿ ಓಣಿಗೂ ಅದರದೇ ನಾಯಿಗಳಿರುತ್ತವೆ, ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಲ್ಲು ಸವೆದ, ಕಣ್ಣು ಮಂಜಾದ ನಾಯಿಗೆ ಅವುಗಳೊಡನೆ ಕಾದಾಡುವ ಶಕ್ತಿ ಇಲ್ಲ, ತಿಪ್ಪೆಯಲ್ಲಿ ಅನ್ನ ಹುಡುಕುವ ರೂಢಿಯೂ ಇಲ್ಲ. ಮೂರನೆಯ ಕೋಣೆಯ ಡಾಬರ್‌ಮನ್‌ನ ತೊಡೆಯ ಮೇಲೆ ಕಚ್ಚಿದ ಗಾಯಗಳಿಗೆ ಅರಿಶಿನ ಬಣ್ಣದ ಮುಲಾಮು ಹಚ್ಚಿದ್ದರು.

ಆಮೇಲೆ ಅಂಗಳ. ಬೇವಿನ ಮರ, ಮೇಲೆ ಹಸಿರು ಜಾಲರಿ, ಕೆಳಗೆ ಗೋಣಿತಾಟು. ಇಲ್ಲಿರುವವೆಲ್ಲ ವಯಸ್ಸಾದವು. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ.

ಮೊದಲು ಕಂಡದ್ದು ಒಂದು ಲ್ಯಾಬ್ರಡಾರ್. ಮುಂಗಾಲು ಊರಿ ಎದ್ದಿತು, ಹಿಂಗಾಲು ಬರಲಿಲ್ಲ. ಸೊಂಟದ ಕೀಲು ಸವೆದಿದೆ, ಈ ತಳಿಯಲ್ಲಿ ಬಹಳ ಕಾಣುವ ತೊಂದರೆ. ಟೈಲ್ಸ್ ಹಾಕಿದ ಮನೆಯಲ್ಲಿ ಕಾಲು ಜಾರುತ್ತದೆ, ಹೊರಗೆ ಹೋಗುವಷ್ಟರಲ್ಲಿ ಉಚ್ಚೆ ಆಗಿಬಿಡುತ್ತದೆ, ಮನೆ ವಾಸನೆ ಬರುತ್ತದೆ, ಬೇಸರ ಬರುತ್ತದೆ. ಇಲ್ಲಿ ಅದಕ್ಕೆ ಏನು ಮಾಡಿದ್ದಾರೆ ಎಂದು ನೋಡಿದೆ. ನೆಲಕ್ಕೆ ಜಾರದ ರಬ್ಬರ್ ಮ್ಯಾಟು. ತೂಕ ಇಳಿಸಲು ಕಡಿಮೆ ಅನ್ನ. ಡಾಕ್ಟರು ಬರೆದುಕೊಟ್ಟ ನೋವಿನ ಗುಳಿಗೆ. ನಾವು ನುಂಗುವ ಗುಳಿಗೆಯಲ್ಲ. ಐಬುಪ್ರೊಫೇನ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಹಿಂಗಾಲಿಗೆ ಆಸರೆಯಾಗಿ ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎತ್ತುತ್ತಾರೆ, ಹಾಗೇ ನಾಲ್ಕು ಹೆಜ್ಜೆ ನಡೆಸುತ್ತಾರೆ. ಒಂದು ಟವೆಲ್, ಒಂದು ಮ್ಯಾಟು. ಇದು ಯಾವ ಮನೆಯಲ್ಲಿ ಆಗದ ಕೆಲಸ?

ಅದರ ಪಕ್ಕದಲ್ಲಿ ಬಿಳಿ ಪಾಮ್, ನಮ್ಮ ಊರುಗಳಲ್ಲಿ ಪೊಮೇರಿಯನ್ ಎಂದು ಸಾಕುತ್ತಾರಲ್ಲ, ಅದು. ಕುರುಡಾಗಿದೆ ಎಂದು ಹೇಳಿ ಬಿಟ್ಟುಹೋದರಂತೆ. ಕಣ್ಣಲ್ಲಿ ನೀಲಿ ಮಬ್ಬು ಕಂಡಿತು. ಆದರೆ ನಾನು ಬೆರಳು ಆಡಿಸಿದರೆ ಅದು ತಲೆ ತಿರುಗಿಸುತ್ತಿತ್ತು. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ನೀಲಿಯಾಗಿ ಕಾಣುವುದು ಸಾಮಾನ್ಯ, ಅದು ಕಣ್ಣಿನ ಪೊರೆಯಲ್ಲ, ದೃಷ್ಟಿ ಬಹುಮಟ್ಟಿಗೆ ಇರುತ್ತದೆ. ಮನೆಯವರು ಒಮ್ಮೆ ಡಾಕ್ಟರಿಗೆ ತೋರಿಸಿದ್ದರೆ ತಿಳಿಯುತ್ತಿತ್ತು.

ಮರದ ಬುಡದಲ್ಲಿ ಒಂದು ಮುಧೋಳ ನಾಯಿ ಉದ್ದಕ್ಕೆ ಕಾಲು ಚಾಚಿ ಮಲಗಿತ್ತು. ಈ ಗಡಿ ಸೀಮೆಯ ಜಾತ್ರೆಗಳಲ್ಲಿ ನಾಯಿಗಳ ಓಟದ ಶರ್ಯತ್ತು ನಡೆಯುತ್ತದೆ. ಮುಧೋಳ ತಳಿಗೆ ಅಲ್ಲಿ ದೊಡ್ಡ ಹೆಸರು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಚೀಟಿಯನ್ನೂ ತಂದಿತು. ಇದು ಓಡಿದ ನಾಯಿಯೇ ಇರಬೇಕು ಎಂದು ಮಾವಶಿ ಹೇಳುತ್ತಾರೆ. ಅಂಗಾಲಿನ ಗಾಯದ ಕಲೆಗಳನ್ನು ನೋಡಿದರೆ ಹೌದೆನಿಸುತ್ತದೆ, ಆದರೆ ಇಷ್ಟರಿಂದಲೇ ಹೇಳಲಾಗದು. ಅದನ್ನು ನೋಡುತ್ತ ನನಗೆ ಆತಕೂರಿನ ಶಾಸನ ನೆನಪಾಯಿತು. ಕ್ರಿ.ಶ. 950ರ ಹೊತ್ತಿನದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕು ಕೇಳು ಎಂದು ಅವನ ಒಡೆಯ ಅಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಸೆಣಸಿ ಸತ್ತಾಗ ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಹೊಲವನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ನಾಯಿಯ ಜೊತೆಗಿನ ಋಣವನ್ನು ಕೊನೆಯವರೆಗೆ, ಆಮೇಲೂ, ಹೊತ್ತವರ ಮಾತು ನಮ್ಮ ಭಾಷೆಯಲ್ಲಿ ಕಲ್ಲಿನ ಮೇಲೇ ಇದೆ.

ಇನ್ನೊಂದು ಮೂಲೆಯಲ್ಲಿ ಮೊಲೆಗಳು ಜೋತುಬಿದ್ದ ಹೆಣ್ಣು ಪಗ್. ಮರಿಗಾಗಿಯೇ ಸಾಕಿದ್ದು ಎಂಬುದು ನೋಡಿದರೆ ತಿಳಿಯುತ್ತದೆ. ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಿಗೆ ವಯಸ್ಸಾದಾಗ, ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ಹೆಚ್ಚು ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ತಡಮಾಡಿದರೆ ಸಾಯುತ್ತದೆ. ಇದನ್ನು ಆ ಸ್ಥಿತಿಯಲ್ಲೇ ತಂದು ಬಿಟ್ಟಿದ್ದರು. ಆಪರೇಶನ್ ಮಾಡಿ ಉಳಿಸಿದ್ದಾರೆ. ಹೊಲಿಗೆಯ ಗೆರೆ ಹೊಟ್ಟೆಯ ಮೇಲೆ ಕಾಣುತ್ತಿತ್ತು.

ಅಡುಗೆಮನೆ ಚಿಕ್ಕದು. ಅಕ್ಕಿನುಚ್ಚು, ಕೋಳಿ ಅಂಗಡಿಯಿಂದ ತಂದ ಕಾಲು ಮತ್ತು ತಲೆ, ಸ್ವಲ್ಪ ಅರಿಶಿನ. ಹಲ್ಲಿಲ್ಲದವಕ್ಕೆ ಕಿವುಚಿ ಬೇರೆ ಪಾತ್ರೆ. ಪಕ್ಕದ ಕೋಣೆಯಲ್ಲಿ ಬೆಕ್ಕುಗಳಿದ್ದವು, ಜಡೆಗಟ್ಟಿದ ಕೂದಲನ್ನೆಲ್ಲ ಬೋಳಿಸಿದ ಒಂದು ಪರ್ಶಿಯನ್ ಕೂಡ. ಅಲ್ಲಿ ಹೆಚ್ಚು ನಿಲ್ಲಲಿಲ್ಲ.

ಕೃಷ್ಣೆಯ ಮಹಾಪೂರದ ಮಾತು ಇಲ್ಲಿ ಬಾರದೆ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು, ಅಪಾಯದ ಮಟ್ಟ 45. 2021ರಲ್ಲೂ ಊರು ಮುಳುಗಿತು. ಆಗ ನಾಯಿಯನ್ನು ಎತ್ತಿಕೊಂಡೇ ದೋಣಿ ಹತ್ತುತ್ತೇವೆಂದು ಹಟ ಹಿಡಿದವರನ್ನೂ, ಸರಪಳಿ ಬಿಚ್ಚದೆ ಹೋದವರನ್ನೂ ಮಾವಶಿ ನೋಡಿದ್ದಾರೆ. ಅವಸರದಲ್ಲಿ ಮರೆತವರ ಮೇಲೆ ಅವರಿಗೆ ಸಿಟ್ಟಿಲ್ಲ. “ನೀರ ಇಳದ ಮ್ಯಾಲೂ ಹುಡುಕಾಕ ಬರಲಿಲ್ಲಲ್ರಿ, ಅದಕ ಸಿಟ್ಟ ನಂದು.”

ಕೊನೆಗೆ ಆಫೀಸು. ಒಂದು ಮೇಜು, ನಾಲ್ಕು ನಾಯಿಗಳು ಕಾಲ ಬಳಿ ನಿಂತ ದತ್ತಾತ್ರೇಯನ ಪಟ, ದಪ್ಪ ರಜಿಸ್ಟರು. ದತ್ತಕ್ಷೇತ್ರ ನರಸೋಬಾವಾಡಿ ಇಲ್ಲಿಂದ ಹತ್ತಿರ, ಈ ಪಟ ಇರದ ಮನೆ ಈ ಕಡೆ ಕಡಿಮೆ. ಹಗಲಲ್ಲಿ ಬಂದು ಒಪ್ಪಿಸಿ ಹೋದವರ ಕಾರಣಗಳನ್ನು ರಜಿಸ್ಟರಿನಲ್ಲಿ ಬರೆದಿದ್ದಾರೆ. ವರ್ಗವಾಯಿತು. ಸೊಸೈಟಿಯವರು ಒಪ್ಪುವುದಿಲ್ಲ. ಮಗು ಹುಟ್ಟಿದೆ. ಮಗ ಪುಣೆಗೆ ಹೋದ, ನೋಡಿಕೊಳ್ಳುವವರಿಲ್ಲ. ಕೆಲವು ನಿಜವಾದ ಕಷ್ಟಗಳೇ ಇರಬಹುದು. ಹಗಲಲ್ಲಿ ಬಂದು ಹೇಳಿ ಹೋದದ್ದಕ್ಕಾದರೂ ಅವರನ್ನು ಮೆಚ್ಚಬೇಕು.

ನಾಯಿಯ ಜೊತೆ ಬಂದ ಲಸಿಕೆಯ ಪುಸ್ತಕಗಳನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದಾರೆ. ಒಂದೊಂದಾಗಿ ತೆರೆದು ನೋಡಿದೆ. ಮೊದಲ ಪುಟದಲ್ಲಿ ಮರಿಯ ಹೆಸರು, ಹುಟ್ಟಿದ ದಿನ, ಒಂದರಲ್ಲಿ ಮಗುವಿನ ಕೈಬರಹ. ಮೊದಲ ವರ್ಷದ ಪುಟಗಳಲ್ಲಿ ಲಸಿಕೆಯ ಚೀಟಿ ಒತ್ತೊತ್ತಾಗಿ ಅಂಟಿಸಿದೆ. ಎರಡನೆಯ ವರ್ಷ ಒಂದೋ ಎರಡೋ. ಆಮೇಲೆ ಖಾಲಿ. ನಾನು ತೆರೆದ ಬಹುಪಾಲು ಪುಸ್ತಕಗಳು ಹೀಗೆಯೇ ಇದ್ದವು. ನಾಯಿ ಆಮೇಲೂ ಎಂಟೊಂಬತ್ತು ವರ್ಷ ಅದೇ ಮನೆಯಲ್ಲಿ ಇತ್ತು. ಗೇಟಿಗೆ ಕಟ್ಟಿದ್ದು ಕೊನೆಯ ರಾತ್ರಿ. ಅದನ್ನು ಬಿಡಲು ಶುರುಮಾಡಿದ್ದು ಪುಟ ಖಾಲಿಯಾದ ವರ್ಷ. ಕಾಲು ನೋವು, ಕಣ್ಣಿನ ಮಬ್ಬು, ಗರ್ಭಕೋಶದ ಕೀವು, ಅಂಗಳದಲ್ಲಿ ನಾನು ಕಂಡ ಒಂದೊಂದನ್ನೂ ಮೊದಲು ಗುರುತಿಸಬೇಕಾದದ್ದು ಆ ಖಾಲಿ ವರ್ಷಗಳಲ್ಲಿ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳುತ್ತದೆ, ನಾಟಿ ನಾಯಿ ಹದಿನೈದರವರೆಗೂ. ಮರಿ ತರುವ ದಿನವೇ ಇದು ಗೊತ್ತಿರುವ ಲೆಕ್ಕ.

ಬೇರೆ ಕೆಲವು ದೇಶಗಳು ಈ ಜವಾಬ್ದಾರಿಯನ್ನು ಕಾನೂನಿನಲ್ಲೇ ಬರೆದಿವೆ. ಜಪಾನಿನಲ್ಲಿ 2013ರಿಂದ ಸಾಕಿದವರು ಪ್ರಾಣಿಯನ್ನು ಕೊನೆಯವರೆಗೆ ಸಾಕಬೇಕು, ವಯಸ್ಸಾಯಿತೆಂದು ತಂದು ಒಪ್ಪಿಸಿದರೆ ಸ್ಥಳೀಯ ಆಡಳಿತ ಬೇಡವೆನ್ನಬಹುದು. ಫ್ರಾನ್ಸಿನಲ್ಲಿ 2022ರ ಅಕ್ಟೋಬರಿನಿಂದ ನಾಯಿಯನ್ನೋ ಬೆಕ್ಕನ್ನೋ ಪಡೆಯುವವರು ಜವಾಬ್ದಾರಿಯ ಪತ್ರಕ್ಕೆ ಸಹಿ ಹಾಕಿ ಏಳು ದಿನ ಕಾಯಬೇಕು. ಏಳು ದಿನದಲ್ಲಿ ಎಷ್ಟೋ ಆಸೆಗಳು ತಣ್ಣಗಾಗುತ್ತವೆ, ಆಗಲಿ.

ಈ ಜಾಗದವರದೂ ಒಂದು ಪತ್ರ ಇದೆ, ನಾಯಿ ಒಯ್ಯಲು ಬಂದವರು ತುಂಬಬೇಕಾದದ್ದು. ಮರಾಠಿಯಲ್ಲಿ ಟೈಪು ಮಾಡಿದ ಒಂದೇ ಹಾಳೆ. ಮನೆ ಸ್ವಂತವೋ ಬಾಡಿಗೆಯೋ, ನೀವು ಊರಿಗೆ ಹೋದಾಗ ಯಾರು ನೋಡುತ್ತಾರೆ, ಹೀಗೆ. ಕೊನೆಯದು: ಈ ನಾಯಿಗೆ ಹತ್ತು ವರ್ಷವಾದಾಗ ನಿಮ್ಮ ವಯಸ್ಸೆಷ್ಟು, ಆಗ ಮನೆಯಲ್ಲಿ ಯಾರು ಯಾರು ಇರುತ್ತಾರೆ? ಮರಿ ಕೇಳಲು ಬಂದವರಲ್ಲಿ ಕೆಲವರು ಇಲ್ಲಿಗೆ ಬಂದು ಪೆನ್ನು ಇಟ್ಟುಬಿಡುತ್ತಾರಂತೆ. ಅಂಥವರಿಗೆ ಮಾವಶಿ ಅಂಗಳ ತೋರಿಸುತ್ತಾರೆ. ರಿಟೈರಾದ ಗಂಡಹೆಂಡತಿ ಮರಿ ಬೇಕೆಂದು ಬಂದರೆ ಅವರ ಸಲಹೆ ನೇರವಾಗಿರುತ್ತದೆ: “ಮರಿ ಯಾಕ ಒಯ್ತೀರಿ, ಒಂಬತ್ತ ವರ್ಷದ್ದು ಒಯ್ರಿ. ಉಚ್ಚಿ ಎಲ್ಲಿ ಹೊಯ್ಬೇಕಂತ ಕಲತಿರತೈತಿ, ಚಪ್ಪಲಿ ಕಡಿಯಂಗಿಲ್ಲ, ನಿಮ್ಮ ಸಂಗಾಟ ಸಾವಕಾಶ ನಡೀತೈತಿ.” ಹಾಗೆ ಒಯ್ದವರು ಕಡಿಮೆ, ಆದರೆ ಇದ್ದಾರೆ. ಅವರಲ್ಲಿ ಒಬ್ಬರು ಮಿರಜದಿಂದ ಈಗಲೂ ಫೋನು ಮಾಡಿ, ಗುಳಿಗೆಯನ್ನು ಊಟಕ್ಕೆ ಮೊದಲು ಕೊಡಬೇಕೋ ಆಮೇಲೆಯೋ ಎಂದು ಕೇಳುತ್ತಿರುತ್ತಾರಂತೆ.